ಯಾವ ಬಂದರಿನಿಂದ ಹೊರಡೋಣ?

ಭೀಮರಾಯನಗುಡಿಯಲ್ಲಿ ಕೂತು ಹಡಗಿನ ಮಾತಾಡಿದರೆ ನೀವು ನಗುತ್ತೀರೇನೋ. ನಮ್ಮದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ಬೆಳೆದ ಊರು. ಇಲ್ಲಿಯ ಕ್ವಾರ್ಟರ್ಸು, ಆಫೀಸು, ಗದ್ದೆ ಎಲ್ಲವೂ ಕಾಲುವೆ ನೀರನ್ನೇ ನಂಬಿಕೊಂಡಿವೆ. ಸಮುದ್ರವೆಂದರೆ ಮೂಡಲಿಗಾದರೂ ಪಡುವಲಿಗಾದರೂ ಒಂದು ರಾತ್ರಿಯ ಪ್ರಯಾಣ. ಆದರೂ ನಮ್ಮವರು ಈ ಮೇ 31ಕ್ಕೆ ನಿವೃತ್ತರಾಗುವುದು ಹತ್ತಿರ ಬಂದಂತೆ, “ಒಮ್ಮೆ ಹಡಗಿನ್ಯಾಗ ಕರಕೊಂಡು ಹೋಗ್ರೀ” ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಮಂತ್ರಾಲಯ, ತಿರುಪತಿ ಬಿಟ್ಟು ನಾನು ಬೇರೇನೂ ಕೇಳಿದವಳಲ್ಲ. ಅವರೂ ಹೂಂ ಅಂದರು.

ಹೂಂ ಅಂದದ್ದೇ ತಡ, ಮನೆಯಲ್ಲಿ ನಾಲ್ಕು ಬಂದರುಗಳು ಎದ್ದು ನಿಂತವು ನೋಡಿ!

ಮಗನದು ಮುಂಬಯಿ. ಅಲ್ಲಿಂದ ಗೋವಾಕ್ಕೆ ಹೋಗುವ ಹಡಗು, ಒಳಗೇ ಈಜುಕೊಳ, ನಾಟಕಶಾಲೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಎಂಬ ಕಂಪನಿ ‘ಎಂಪ್ರೆಸ್’ ಎಂಬ ಹಡಗನ್ನು ಮುಂಬಯಿಯಿಂದ ಬಿಡಲಾರಂಭಿಸಿದಾಗಿನಿಂದ ನಮ್ಮಂಥವರೂ ಪರದೇಶಕ್ಕೆ ಹೋಗದೆ ಹಡಗು ಹತ್ತುವಂತಾಗಿದೆ. ಹಿಂದೆ ಮುಂಬಯಿ-ಗೋವಾ ನಡುವೆ ಕೊಂಕಣ ಶಕ್ತಿ, ಕೊಂಕಣ ಸೇವಕ ಎಂಬ ಸ್ಟೀಮರುಗಳು ಓಡುತ್ತಿದ್ದವು. ಅವು ಊರಿಗೆ ಹೋಗುವವರ ಸ್ಟೀಮರು, ಇದು ಮೋಜಿನ ಹಡಗು. ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಗಾಡಿ ಬದಲಿಸದೆ ಮುಂಬಯಿ ಮುಟ್ಟಬಹುದು.

ನಮ್ಮವರದು ಕೊಚ್ಚಿ. ಲಕ್ಷದ್ವೀಪಕ್ಕೆ ಹೋಗುವ ಸರಕಾರಿ ಹಡಗುಗಳು ಅಲ್ಲಿಂದಲೇ ಹೊರಡುತ್ತವೆ. ಪುಣೆಯಿಂದ ಕನ್ಯಾಕುಮಾರಿಗೆ ಹೋಗುವ ಗಾಡಿ ನಮ್ಮ ಯಾದಗಿರಿಯ ಮೇಲೆ ಹಾದು ಎರ್ನಾಕುಲಕ್ಕೆ ಹೋಗುತ್ತದೆ. ಸರಕಾರಿ ಹಡಗೆಂದರೆ ಸರಕಾರಿ ನೌಕರರಿಗೆ ಅದೇನು ಭರವಸೆಯೋ! ಆದರೆ ಲಕ್ಷದ್ವೀಪಕ್ಕೆ ಮೊದಲೇ ಪರವಾನಗಿ ಮಾಡಿಸಬೇಕು. ಅದೂ ಇರಲಿ. ಅಲ್ಲಿ ದ್ವೀಪದ ಸುತ್ತ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ. ಜನ ಹಡಗಿನ ಮಗ್ಗುಲಿನ ಬಾಗಿಲಿನಿಂದ ತೂಗಾಡುವ ಸಣ್ಣ ದೋಣಿಗೆ ಇಳಿಯಬೇಕು. ಮೊಣಕಾಲು ನೋವಿನ ನಮ್ಮ ಅತ್ತೆಯವರನ್ನು ಆ ದೋಣಿಗೆ ಇಳಿಸುವುದನ್ನು ನೆನೆದೇ ನನಗೆ ಎದೆ ಝಲ್ಲೆಂದಿತು.

ನನಗೇನೋ ನಮ್ಮ ಮಂಗಳೂರೇ ಇರಲಿ, ಮಾತಾದರೂ ತಿಳಿಯುತ್ತದೆ ಎಂಬ ಆಸೆ. ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಬರುವುದೇನೋ ನಿಜ. ಆದರೆ ಅವು ಪರದೇಶದವರನ್ನು ಹೊತ್ತು ಬಂದು, ಮೂಡುಬಿದಿರೆಯ ಬಸದಿ, ಕುದ್ರೋಳಿಯ ಗುಡಿ ತೋರಿಸಿ ಮುಂದಕ್ಕೆ ಹೋಗುವಂಥವು. ಅಲ್ಲಿ ನಾವು ಕೈಬೀಸಬಹುದಷ್ಟೆ.

ಇನ್ನು ಅತ್ತೆಯವರು. ಅವರಿಗೆ ಎಪ್ಪತ್ತೆಂಟು. ಅವರ ಊರು ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. 1982ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಬಾಗಿಲು-ಚೌಕಟ್ಟು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದವರು. ಅದೇ ನೀರಿನ ಯೋಜನೆಯಲ್ಲಿ ಮಗನಿಗೆ ನೌಕರಿಯಾಯಿತು. ಅವರು ಅದನ್ನು ಹರಕೆಯೆಂದೂ ಹೇಳುವುದಿಲ್ಲ, ಶಾಪವೆಂದೂ ಹೇಳುವುದಿಲ್ಲ. ನಾವು ಮೂವರೂ ಗದ್ದಲ ಹಾಕುತ್ತಿದ್ದ ದಿನ, ಅಕ್ಕಿ ಆರಿಸುತ್ತಾ ಕೂತಿದ್ದವರು ಮರದಿಂದ ತಲೆ ಎತ್ತದೆ ಕೇಳಿದರು: “ನಮ್ಮ ಹೊಳಿ ಹೋಗಿ ಕೂಡೋ ಸಮುದ್ರ ಯಾವ ಕಡಿ ಐತಿ?”

ಮಗ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದ. ಕೃಷ್ಣೆ ಹುಟ್ಟುವುದು ಪಡುವಲ ಸಮುದ್ರದ ಬಗಲಿನ ಮಹಾಬಳೇಶ್ವರದಲ್ಲಿ. ಆದರೆ ಅದಕ್ಕೆ ಬೆನ್ನು ತಿರುಗಿಸಿ, ನಮ್ಮೂರು, ರಾಯಚೂರು, ಶ್ರೀಶೈಲ, ವಿಜಯವಾಡ ದಾಟಿ ಹಂಸಲದೀವಿಯ ಹತ್ತಿರ ಮೂಡಲ ಸಮುದ್ರ ಸೇರುತ್ತದೆ. “ಹಂಗಾದ್ರ ಮೂಡಲಕ್ಕs ನಡೀರಿ” ಅಂದರು ಅತ್ತೆ. ಮೂಡಲವೆಂದರೆ ಚೆನ್ನೈ.

ನಮ್ಮವರು ಒಪ್ಪಲಿಲ್ಲ. ಅಕ್ಟೋಬರ್ ತನಕ ತಡೆದರೆ ನಿವೃತ್ತಿಯ ಹಣವೂ ಕೈಗೆ ಬಂದಿರುತ್ತದೆ, ಮುಂಬಯಿಯಿಂದಲೇ ಹೋಗೋಣ ಎಂಬುದು ಅವರ ಲೆಕ್ಕ. ತಪ್ಪು ಲೆಕ್ಕವಲ್ಲ. ಆದರೆ ಅತ್ತೆಯವರು ಕಳೆದ ಚಳಿಗಾಲದಲ್ಲಿ ಹದಿನೈದು ದಿನ ಹಾಸಿಗೆ ಹಿಡಿದಿದ್ದರು. “ಅಕ್ಟೋಬರಿಗೆ ನಾ ಇದ್ರ ಬರ್ತೀನಪ್ಪಾ” ಎಂದು ಅವರು ನಕ್ಕುಕೊಂಡೇ ಅಂದದ್ದು ನನಗೆ ನಗುವಾಗಿ ಕೇಳಲಿಲ್ಲ.

ಆಗ ನಾನು ಪಂಚಾಂಗ ಹಿಡಿದೆ. ಸೋದರಿಯರೇ, ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಜೂನ್‌ನಿಂದ ನೈಋತ್ಯ ಮಾರುತ ಬೀಸಿ ಅರಬ್ಬಿ ಸಮುದ್ರ ಕೆರಳುತ್ತದೆ. ಲಕ್ಷದ್ವೀಪದ ಪ್ರವಾಸವೂ ಆಗ ಬಂದ್. ಆದರೆ ಘಟ್ಟಗಳು ಆ ಮಳೆಯನ್ನು ತಡೆಯುವುದರಿಂದ ಚೆನ್ನೈ ಕಡೆ ಜೂನ್-ಜುಲೈಯಲ್ಲಿ ಮಳೆ ಕಡಿಮೆ. ಅವರ ದೊಡ್ಡ ಮಳೆಗಾಲ ಅಕ್ಟೋಬರಿನಿಂದ ಡಿಸೆಂಬರ್ ತನಕ, ತುಫಾನುಗಳ ಕಾಟವೂ ಆಗಲೇ. ಅದಕ್ಕೇ ಹಡಗಿನವರು 2022ರಲ್ಲೂ 2023ರಲ್ಲೂ ಜೂನ್ ತಿಂಗಳಲ್ಲಿ ಚೆನ್ನೈಯಿಂದ ಹಡಗು ಬಿಟ್ಟಿದ್ದರು. ಅಂದರೆ ನಿವೃತ್ತಿಯಾದ ಕೂಡಲೇ ಹೊರಡುವವರಿಗೆ ಮೂಡಲ ಬಂದರೇ ಸರಿ. ಬೇರೆ ಬೇಕೆನ್ನುವವರು ಮಳೆಗಾಲ ಕಳೆಯುವ ತನಕ ಕಾಯಬೇಕು. ಇದನ್ನು ಹೇಳಿದ ಮೇಲೆ ನಮ್ಮವರು ಸುಮ್ಮನಾದರು. ನೀರಾವರಿ ಇಲಾಖೆಯವರಿಗೆ ಮಳೆಯ ಲೆಕ್ಕ ಬೇಗ ತಿಳಿಯುತ್ತದೆ.

ಚೆನ್ನೈಯಿಂದ ಹೋಗುವುದರಲ್ಲೂ ಎರಡು ಬಗೆ. ಶ್ರೀಲಂಕಾದ ಬಂದರು ಮುಟ್ಟಿಬರುವ ಪ್ರವಾಸಕ್ಕೆ ಪಾಸ್‌ಪೋರ್ಟ್ ಬೇಕು. ಅತ್ತೆಯವರ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಅದನ್ನು ಸರಿಮಾಡಿಸುವುದರಲ್ಲಿ ಜೂನ್ ಹೋಗಿ ಶ್ರಾವಣ ಬಂದೀತು. ಎಲ್ಲೂ ಇಳಿಯದೆ ಸಮುದ್ರದಲ್ಲೇ ಎರಡು ರಾತ್ರಿ ಕಳೆದು ಚೆನ್ನೈಗೇ ಮರಳುವ ಪ್ರವಾಸವನ್ನೂ ಹಿಂದೆ ಇಟ್ಟಿದ್ದರು. “ಲಂಕಾ ಬ್ಯಾಡವಾ, ನೀರು ನೋಡಿದ್ರ ಸಾಕು” ಎಂದು ಅತ್ತೆಯೇ ತೀರ್ಮಾನ ಕೊಟ್ಟರು. ದೋಣಿಯ ಉಸಾಬರಿಯೂ ಇಲ್ಲ. ಚೆನ್ನೈಯಲ್ಲಿ ಹಡಗು ದಕ್ಕೆಗೇ ಅಂಟಿ ನಿಲ್ಲುತ್ತದೆ, ಅಡ್ಡ ಹಾಕಿದ ಸೇತುವೆಯ ಮೇಲೆ ನಡೆದು ಒಳಗೆ ಹೋಗುವುದು. ಗಾಲಿಕುರ್ಚಿ ಬೇಕೆಂದು ಮೊದಲೇ ತಿಳಿಸಬೇಕು.

ರೈಲಿಗೂ ಅಡ್ಡಿಯಿಲ್ಲ. ಯಾದಗಿರಿ ಇರುವುದೇ ಮುಂಬಯಿ-ಚೆನ್ನೈ ಹಳಿಯ ಮೇಲೆ. ಚೆನ್ನೈ ಸೆಂಟ್ರಲ್ಲಿನಿಂದ ಬಂದರು ದೂರವಿಲ್ಲ. ಆದರೂ ಒಂದು ದಿನ ಮೊದಲೇ ಹೋಗಿ ಉಳಿಯುವುದೆಂದು ಗಟ್ಟಿ ಮಾಡಿದ್ದೇನೆ. ಹಡಗು ಹೊರಡುವ ಎಷ್ಟೋ ಹೊತ್ತಿನ ಮುಂಚೆಯೇ ಹತ್ತುವ ಬಾಗಿಲು ಮುಚ್ಚುತ್ತಾರೆ. ನಮ್ಮ ಶಹಾಪುರದ ಬಸ್ಸಾದರೆ “ಏ ತಡೀರೀ” ಎಂದು ಕೂಗಿದರೆ ನಿಂತೀತು.

ಕೋಣೆಯ ವಿಚಾರದಲ್ಲಿ ಮಾತ್ರ ನಾನು ಕೈ ಬಿಗಿ ಮಾಡಲಿಲ್ಲ. ಒಳಗಿನ ಕೋಣೆಗೆ ದುಡ್ಡು ಕಡಿಮೆ, ಆದರೆ ಕಿಟಕಿ ಇರುವುದಿಲ್ಲ. ನೀರು ನೋಡಲೆಂದೇ ಹೊರಟವರನ್ನು ನಾಲ್ಕು ಗೋಡೆಯೊಳಗೆ ಕೂಡಿಸುವುದೇ? ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಕಿಟಕಿಯಿರುವ ಕೋಣೆ ಕೇಳಿದ್ದೇನೆ. ನಡುವೆ ತೂಗಾಟ ಕಡಿಮೆ. ಮನೆಯ ಅಡುಗೆಯನ್ನು ಸಾಮಾನ್ಯವಾಗಿ ಹಡಗಿನೊಳಗೆ ಬಿಡುವುದಿಲ್ಲವಂತೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ರೈಲಿನಲ್ಲೇ ಮುಗಿಸಬೇಕು.

ಈ ಜೂನಿನ ಹಡಗಿನ ಪಟ್ಟಿ ಬಂದ ಕೂಡಲೇ ತಿಳಿಸುತ್ತೇವೆಂದು ಕಲಬುರಗಿಯ ಏಜೆಂಟರು ಹೇಳಿದ್ದಾರೆ. ದಿನಾ ಸಂಜೆ ಅತ್ತೆ “ಫೋನ್ ಬಂತೇನು?” ಎಂದು ಕೇಳುತ್ತಾರೆ. ನಿನ್ನೆ ಮಾತ್ರ, “ಹಡಗಿನ ಕಿಟಕಿ ತಗಿಯಾಕ ಬರ್ತದೇನು?” ಎಂದು ಕೇಳಿದರು. ಬರುವುದಿಲ್ಲ, ಗಾಜಿನಿಂದಲೇ ನೋಡಬೇಕು, ಗಾಳಿ ಬೇಕಾದರೆ ಮೇಲಿನ ಅಟ್ಟಕ್ಕೆ ಹೋಗಬೇಕು ಎಂದೆ. ಅಟ್ಟಕ್ಕೆ ಮೆಟ್ಟಿಲೋ ಲಿಫ್ಟೋ ಎಂದರು. ಲಿಫ್ಟು ಎಂದ ಮೇಲೆ ಸಮಾಧಾನವಾಯಿತು.

ಎಪ್ಪತ್ತು ದಾಟಿದವರನ್ನು ಕರೆದುಕೊಂಡು ನಿಮ್ಮಲ್ಲಿ ಯಾರಾದರೂ ಹಡಗಿನಲ್ಲಿ ಹೋಗಿಬಂದಿದ್ದರೆ, ಅವರಿಗೆ ತಲೆಸುತ್ತು ಬಂತೇ, ಏನು ಮಾಡಿದಿರಿ, ಇದೊಂದನ್ನು ಈ ಪುಟಕ್ಕೆ ಬರೆದು ತಿಳಿಸಿ. ಮೇ ತಿಂಗಳೊಳಗೆ ಬರೆದರೆ ಉಪಕಾರ.