ಕಾವಲಿಗೆ ಮಕ್ಕಳು ಬರಲಿ, ನಾಯಿ ಮನೆಯಲ್ಲಿರಲಿ

ಬೆಂಗಳೂರು–ಶಿವಮೊಗ್ಗ ಹೆದ್ದಾರಿಯಲ್ಲಿ ಕಡೂರು, ಬೀರೂರು, ತರೀಕೆರೆಗಳು ಒಂದರ ಹಿಂದೊಂದು ಬರುತ್ತವೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಈ ದಾರಿಯಲ್ಲಿ ಹೊರಟವರ ಕಣ್ಣೆಲ್ಲ ಎಡಕ್ಕೆ ಕಾಣುವ ಬಾಬಾಬುಡನ್ ಗಿರಿಶ್ರೇಣಿಯ ಮೇಲೆಯೇ. ಕೆಮ್ಮಣ್ಣುಗುಂಡಿಯ ಹೂದೋಟ, ಕಲ್ಲತ್ತಿಗಿರಿಯ ಜಲಪಾತ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಇಷ್ಟು ನೋಡಿದರೆ ಪ್ರವಾಸ ಮುಗಿಯಿತು. ಬಯಲಿನ ಕಡೆ ಕತ್ತು ಹೊರಳಿಸುವವರು ಕಡಿಮೆ.

ಮುಂಗಾರಿನ ಮೋಡಗಳನ್ನು ಬೆಟ್ಟಸಾಲು ತಡೆದು ತಾನೇ ಹಿಂಡಿಕೊಳ್ಳುವುದರಿಂದ ಕಡೂರು, ಅಜ್ಜಂಪುರದ ಸೀಮೆಗೆ ಉಳಿಯುವ ಮಳೆ ಅಲ್ಪ. ಅಷ್ಟು ಮಳೆಗೆ ದಟ್ಟ ಕಾಡು ಬೆಳೆಯುವುದಿಲ್ಲ, ಹುಲ್ಲು ಬೆಳೆಯುತ್ತದೆ. ನಡುನಡುವೆ ಜಾಲಿ, ಈಚಲು, ತಂಗಡಿ, ಬಂದರೆ ಗಿಡಗಳು. ಊರಿನವರು ಇದಕ್ಕೆ ಕಾವಲು ಎನ್ನುತ್ತಾರೆ. ಹೊರಗಿನಿಂದ ಬಂದವರು ಮಾತ್ರ ಪಾಳುಭೂಮಿ ಎಂದುಬಿಡುತ್ತಾರೆ.

ಪಾಳು ಬಿದ್ದದ್ದಲ್ಲ ಇದು, ಕಾದಿಟ್ಟದ್ದು. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬಿನ ಈ ರಾಸುಗಳು ಹಾಲಿಗಿಂತ ಓಟಕ್ಕೆ, ಸೈನ್ಯದ ಫಿರಂಗಿ ಎಳೆಯುವುದಕ್ಕೆ ಹೆಸರಾದವು. ಹೈದರಾಲಿಯ ಪಡೆ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಬರಹಗಳು ಹೇಳುತ್ತವೆ. ಇವುಗಳ ಮೇವಿಗೆಂದೇ ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಕಾವಲುಗಳನ್ನು ವಿಂಗಡಿಸಿ, ನೇಗಿಲು ತಾಗದಂತೆ ನೋಡಿಕೊಂಡರು. ಅಜ್ಜಂಪುರದಲ್ಲಿ 1929ರಲ್ಲಿ ತೆರೆದ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಈ ತಳಿಯನ್ನು ಉಳಿಸಿಕೊಂಡಿದೆ. ಬೀರೂರಿನಲ್ಲಿ ನಡೆಯುವ ಹೋರಿಕರುಗಳ ಹರಾಜಿಗೆ ದೂರದ ಜಿಲ್ಲೆಗಳ ರೈತರೂ ಬರುತ್ತಾರೆ.

ದನಕ್ಕೆಂದು ಕಾದಿಟ್ಟ ಹುಲ್ಲಿನಲ್ಲಿ ಇನ್ನೊಂದು ಪ್ರಾಣಿಯೂ ಬದುಕಿಕೊಂಡಿತು. ಅದು ಕೃಷ್ಣಮೃಗ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸರ್ಕಾರ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಇದರ ಸಲುವಾಗಿಯೇ. ವಿಸ್ತೀರ್ಣ ಏಳು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಭಯಾರಣ್ಯಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸುತ್ತಲಿನ ಜನರೊಂದಿಗೆ ಸಮಾಲೋಚಿಸದೆ ಸಂರಕ್ಷಣಾ ಮೀಸಲು ಘೋಷಿಸುವಂತಿಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಕೂರಬೇಕು ಎನ್ನುತ್ತದೆ ಕಾನೂನು. ಊರಿನವರಿಗೂ ಪಾಲಿರುವ ಬಯಲು ಎನ್ನಬಹುದು.

ಮಕ್ಕಳಿಗೆ ಇಲ್ಲಿ ಜೋಕಾಲಿಯಿಲ್ಲ, ಜಾರುಬಂಡೆಯಿಲ್ಲ. ಮೊದಲ ಹತ್ತು ನಿಮಿಷ 'ಏನೂ ಇಲ್ಲವಲ್ಲಪ್ಪ' ಎನ್ನುವ ಹುಡುಗನೇ ಆಮೇಲೆ ನೆಲ ನೋಡುತ್ತ ಕುಕ್ಕರಗಾಲಲ್ಲಿ ಕೂರುತ್ತಾನೆ. ಸಗಣಿಹುಳು ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಲ್ಲಿ ಉರುಳಿಸುತ್ತ ಹೊರಟಿರುತ್ತದೆ. ನೆಲಗುಬ್ಬಿ ಹಾಡುತ್ತ ನೇರ ಮೇಲಕ್ಕೇರಿ ಕಲ್ಲಿನಂತೆ ಕೆಳಗಿಳಿಯುತ್ತದೆ. ದೂರದಲ್ಲಿ ಕಂದುಬಣ್ಣದ ಹೆಣ್ಣುಮಿಗಗಳ ಗುಂಪು, ಪಕ್ಕದಲ್ಲಿ ತಿರುಚಿದ ಕೊಂಬೆತ್ತಿ ನಿಂತ ಕಪ್ಪು ಬೆನ್ನಿನ ಗಂಡು. ಹೆದರಿದರೆ ಮೊದಲು ನಾಲ್ಕು ಕಾಲೂ ಎತ್ತಿ ಚಿಮ್ಮುತ್ತವೆ, ಆಮೇಲೆ ಓಟ. ಗಂಟೆಗೆ 80 ಕಿಲೋಮೀಟರ್ ಸಮೀಪದ ಆ ಓಟವನ್ನು ಟೀವಿಯಲ್ಲಿ ಕಂಡ ಮಕ್ಕಳಿಗೂ ಕಣ್ಣೆದುರು ಕಂಡಾಗ ಮಾತು ನಿಲ್ಲುತ್ತದೆ.

ಈಚಿನ ವರ್ಷಗಳಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಜೊತೆ ನಾಯಿಯೂ ಬರತೊಡಗಿದೆ. ಅಪಾರ್ಟ್‌ಮೆಂಟಿನಲ್ಲಿ ಕಟ್ಟಿಹಾಕಿದ ಪ್ರಾಣಿ, ಬಯಲಿನಲ್ಲಿ ಒಂದಿಷ್ಟು ಓಡಲಿ ಎಂಬ ಕನಿಕರ ತಪ್ಪೇನಲ್ಲ. ಆದರೆ ಆ ಓಟಕ್ಕೆ ಕಾವಲಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಇಲ್ಲಿ ಬದುಕೆಲ್ಲ ನೆಲದ ಮೇಲೆಯೇ. ಕೃಷ್ಣಮೃಗದ ತಾಯಿ ಈದ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯುತ್ತಿರುತ್ತದೆ; ಅಲುಗಾಡದೆ ಬಿದ್ದಿರುವುದೇ ಮರಿಗಿರುವ ರಕ್ಷಣೆ. ಕಣ್ಣಿನಿಂದ ಹುಡುಕುವ ಶತ್ರುವಿಗೆ ಅದು ಕಾಣದು, ಮೂಗಿನಿಂದ ಹುಡುಕುವ ನಾಯಿಗೆ ಸಿಕ್ಕಿಬಿಡುತ್ತದೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬೆಣಚುಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ ಇಡುತ್ತದೆ. ಆಳು ಹತ್ತಿರ ಬಂದರೆ ತಲೆಯ ಮೇಲೆ ಸುತ್ತುತ್ತ ಅರಚುತ್ತದೆ. ಅಲ್ಲಿಂದ ಹಿಂದೆ ಸರಿಯಬೇಕೆಂದು ಮಕ್ಕಳಿಗೆ ಹೇಳಿಕೊಡಬಹುದು, ನಾಯಿಗೆ ಹೇಳಿಕೊಡುವುದು ಹೇಗೆ? ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಎಂಬ ಗಿಡುಗಗಳೂ ರಾತ್ರಿ ತಂಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ.

ನಾಯಿ ಕಚ್ಚಲೇಬೇಕೆಂದಿಲ್ಲ, ಅಟ್ಟಿದರೂ ಸಾಕು. ಗಬ್ಬದ ಮಿಗ ಓಡಿ ಓಡಿ ಬಳಲುತ್ತದೆ, ಬೇಲಿಗೆ ಸಿಕ್ಕಿಕೊಳ್ಳುತ್ತದೆ. ನಾಯಿಗಳ ರೇಬೀಸ್, ಡಿಸ್ಟೆಂಪರ್ ರೋಗಗಳು ನರಿ, ತೋಳಗಳಿಗೂ ಅಂಟುತ್ತವೆ. ಕುರಿಗಾಹಿಗಳ ನಾಯಿ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಪಳಗಿದ ಕುರಿಗಾಹಿಯ ನಾಯಿ ಮಂದೆಯ ಸುತ್ತಲೇ ಇರುತ್ತದೆ, ಅದಕ್ಕೆ ಕೆಲಸವಿದೆ. ಪಟ್ಟಣದಿಂದ ಬಂದ ನಾಯಿಗೆ ಅಟ್ಟುವುದೇ ಆಟ. ಜೊತೆಯಲ್ಲಿ ನಾಯಿ ಇರಲೇಬೇಕೆಂದರೆ ಊರ ಕೆರೆಯ ಏರಿಯ ಮೇಲೆ, ಹಗ್ಗ ಬಿಚ್ಚದೆ ಒಂದು ಸುತ್ತು ಸಾಕು.

ಇನ್ನೊಂದು ಸಂಗತಿ ಶಾಲೆಗಳಿಗೆ ಸಂಬಂಧಿಸಿದ್ದು. ವನಮಹೋತ್ಸವ ಬಂತೆಂದರೆ ಬಯಲು ಕಂಡಲ್ಲೆಲ್ಲ ಗುಂಡಿ ತೋಡುವ ಉತ್ಸಾಹ ಹೆಚ್ಚು. ರಾಜ್ಯದ ಹಲವು ಕಾವಲುಗಳಲ್ಲಿ ನೀಲಗಿರಿ, ಅಕೇಶಿಯ ನೆಟ್ಟಿದ್ದಾರೆ. ಮರ ಒತ್ತಾಗಿ ಬೆಳೆದ ಕಡೆ ನೆರಳಿನಡಿ ಹುಲ್ಲು ಸೊರಗುತ್ತದೆ, ಹುಲ್ಲು ಹೋದರೆ ಮಿಗವೂ ಇಲ್ಲ. ಅತ್ತ ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲು ಸುಮಾರು 2010ರ ಹೊತ್ತಿಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದಾಗ, ದನ ಕುರಿ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯವರೆಗೂ ವ್ಯಾಜ್ಯ ಹೋಗುವಂತೆ ಹೋರಾಡಬೇಕಾಯಿತು. ಖಾಲಿ ಜಾಗವೆಂಬ ಮಾತು ಎಷ್ಟು ದುಬಾರಿ ಎಂದು ಅವರಿಗೆ ಗೊತ್ತು. ಸಸಿ ನೆಡಲು ಶಾಲೆಯ ಅಂಗಳವಿದೆ, ರಸ್ತೆಯ ಬದಿಯಿದೆ. ಕಾವಲಿಗೆ ಬಂದ ಮಕ್ಕಳ ಕೈಗೆ ಗುದ್ದಲಿಯ ಬದಲು ನೋಟ್‌ಬುಕ್ ಕೊಟ್ಟು, ಒಂದು ಮಾರು ಜಾಗದಲ್ಲಿ ಎಷ್ಟು ಬಗೆಯ ಹುಲ್ಲಿದೆ ಎಣಿಸಲು ಹೇಳಿದರೆ ಒಂದು ಬೆಳಗು ಕಳೆದದ್ದೇ ಗೊತ್ತಾಗುವುದಿಲ್ಲ.

ಮಳೆ ನಿಂತ ಮೇಲೆ ಚಳಿಗಾಲ ಮುಗಿಯುವವರೆಗೆ ಹೋಗಲು ಒಳ್ಳೆಯ ಕಾಲ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಇಲ್ಲವೆ ಸಂಜೆ. ಮೊದಲು ಕಡೂರಿನ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಕಾರನ್ನು ಹುಲ್ಲಿನೊಳಗೆ ನುಗ್ಗಿಸದೆ ದಾರಿಯಲ್ಲೇ ನಿಲ್ಲಿಸಬೇಕು. ನೆರಳಿಲ್ಲದ ಜಾಗವಾದ್ದರಿಂದ ಕುಡಿಯುವ ನೀರು, ಟೋಪಿ ಇರಲಿ. ಬುತ್ತಿಯ ಕವರು, ಬಾಟಲಿ ವಾಪಸು ಬರಲಿ. ಬೇಸಿಗೆಯಲ್ಲಿ ಒಣಗಿದ ಕರಡಕ್ಕೆ ಒಂದು ಬೀಡಿಯ ಕಿಡಿ ಸಾಕು. ಇಂಥಲ್ಲಿ ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಸಮಯ ಮಿಕ್ಕರೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿಬರಬಹುದು. ಅಲ್ಲಿನ ಅಮೃತೇಶ್ವರ ದೇವಾಲಯ 1196ರಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ್ದು.