ದರ್ಬೆಯಲ್ಲೇ ಇರ್ತೇನೆ ಮಾರಾಯ್ತಿ

ದರ್ಬೆಯಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು ಬಸ್ಸು ಅಂತ ಹೇಳ್ತೇನೆ. ಅವರು ನಗ್ತಾರೆ. ಆದರೆ ನಿಜವಾಗಿಯೂ ಅಲ್ಲಿ ನಿಂತು ನೋಡುವಂಥದ್ದು ಬಸ್ಸುಗಳೇ. ಪುತ್ತೂರು ಪೇಟೆಯ ಗಡಿಬಿಡಿ ಮುಗಿಯಿತು ಅನ್ನುವಾಗ ಬರುವ ಒಂದು ವೃತ್ತ, ಸುತ್ತ ಅಂಗಡಿಗಳು, ಪಕ್ಕದಲ್ಲೇ 1958ರಲ್ಲಿ ಶುರುವಾದ ಫಿಲೋಮಿನಾ ಕಾಲೇಜು. ಸಂಜೆ ಕಾಲೇಜು ಬಿಟ್ಟ ಮೇಲೆ ಅರ್ಧ ಗಂಟೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತುಳು, ಕನ್ನಡ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಒಂದೇ ಬಸ್ ಸ್ಟಾಪಿನ ಅಡಿಯಲ್ಲಿ. ಕೊಡೆಗಳೂ ಅಷ್ಟೇ ಬಣ್ಣದವು.

ಎದುರಿಗೆ ಹೋಗುವ ದೊಡ್ಡ ರಸ್ತೆಯ ಮೇಲೆ ನನಗೊಂದು ವಿಶೇಷ ಮೋಹ. ಬಂಟ್ವಾಳದ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 275 ಇದು. ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು ದಾಟಿ ಬೆಂಗಳೂರು ಸೇರ್ತದೆ. ಅಂದರೆ ದರ್ಬೆಯಲ್ಲಿ ನಿಂತವರಿಗೆ ಬೆಂಗಳೂರಿಗೆ ದಾರಿ ಕೇಳುವ ಅಗತ್ಯವೇ ಇಲ್ಲ, ಸುಮ್ಮನೆ ರಸ್ತೆ ಹಿಡಿದು ಹೋಗುತ್ತಾ ಇದ್ದರೆ ಆಯಿತು. ನಮ್ಮ ಪಿಯುಸಿ ಬ್ಯಾಚಿನ ಹೆಚ್ಚಿನವರು ಹಾಗೆಯೇ ಹೋದವರು. ನಾನೂ ಹೋದೆ. ಇಂಜಿನಿಯರಿಂಗು, ಕ್ಯಾಂಪಸ್ಸು, ಬೆಳ್ಳಂದೂರಿನ ಟ್ರಾಫಿಕ್ಕು.

ಹೋಗದವಳು ಒಬ್ಬಳಿದ್ದಾಳೆ. ಹೆಸರು ಹಾಕಬೇಡ ಅಂದಿದ್ದಾಳೆ, ಊರು ಸಣ್ಣದು. ಬಿ.ಕಾಂ. ಮುಗಿಸಿ ಪುತ್ತೂರಲ್ಲೇ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿದವಳು. ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿ ಕಟ್ಟಿದ ಊರಾದ್ದರಿಂದ ಇಲ್ಲಿ ಸಂಘದ ಕೆಲಸಕ್ಕೆ ಒಂದು ಮರ್ಯಾದೆ ಉಂಟು. ಮನೆ ಕಾಣಿಯೂರು ರಸ್ತೆಯಲ್ಲಿ ಒಳಗೆ, ಬಸ್ಸಿಳಿದು ಎರಡು ಕಿಲೋಮೀಟರ್. ಅಪ್ಪನಿಗೆ ಅಡಿಕೆ ತೋಟ. ಮನೆಯಲ್ಲಿ ಅಮ್ಮ, ತಂಗಿ, ಹಾಸಿಗೆ ಹಿಡಿದ ಅಜ್ಜಿ.

ಅವಳು ಪ್ರೀತಿಸಿದ ಹುಡುಗ ಅದೇ ಬಸ್ಸಿನವ. ಜಾತಿ ಬೇರೆ. ಅದಕ್ಕಿಂತಲೂ ಮನೆಯವರಿಗೆ ನುಂಗಲಾಗದ ಸಂಗತಿ ಇನ್ನೊಂದು. ಅವನ ಅಪ್ಪ ಇಪ್ಪತ್ತು ವರ್ಷ ಇವರ ತೋಟದಲ್ಲಿ ಮರ ಹತ್ತಿದವರು. ಹುಡುಗ ಐಟಿಐ ಮಾಡಿದ್ದಾನೆ, ಮರ ಹತ್ತುವುದಿಲ್ಲ. ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ತಂದು ನಾಲ್ಕು ಜನರ ತಂಡ ಕಟ್ಟಿಕೊಂಡಿದ್ದಾನೆ. ಮಳೆಗಾಲದಲ್ಲಿ ಅವನ ಫೋನಿಗೆ ಬರುವ ಕರೆಗಳನ್ನು ನೋಡಿದರೆ ನನ್ನ ಮ್ಯಾನೇಜರಿಗೂ ಅಷ್ಟು ಬೇಡಿಕೆ ಇಲ್ಲ.

ಈ ಸಲ ನಾನು ಊರಿಗೆ ಹೋದದ್ದು ಆಟಿಯಲ್ಲಿ. ತುಳುನಾಡಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು: ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಶುಭಕಾರ್ಯ ಇಲ್ಲ. ಹೊಸದಾಗಿ ಮದುವೆಯಾದ ಹುಡುಗಿಯರು ತವರಿಗೆ ಬರ್ತಾರೆ. ಹಾಗಾಗಿ ಮನೆಯಲ್ಲಿ ಮಾತು ಮುಂದೂಡಲು ಇದಕ್ಕಿಂತ ಒಳ್ಳೆಯ ತಿಂಗಳು ಬೇರೆ ಇಲ್ಲ. "ಆಟಿ ಕಳೀಲಿ, ಆಮೇಲೆ ನೋಡುವಾ" ಅಂದರಂತೆ ಅಮ್ಮ. ಹೋದ ವರ್ಷವೂ ಅದನ್ನೇ ಅಂದಿದ್ದರು.

ಅಪ್ಪ ಬೈದಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು ಅಂತಾಳೆ. ಬೆಳಗ್ಗೆ 7.40ರ ಬಸ್ಸಿಗೆ ಅವಳನ್ನು ಸ್ಕೂಟರಿನಲ್ಲಿ ಬಿಡುವುದು ಅವರ ಹತ್ತು ವರ್ಷದ ಕ್ರಮ. ವಿಷಯ ಗೊತ್ತಾದ ಮೇಲೂ ಬಿಡ್ತಾರೆ, ಮಾತು ಮಾತ್ರ ಇಲ್ಲ. ಸ್ಕೂಟರ್ ಶುರು ಮಾಡಿ ಅಂಗಳದಲ್ಲಿ ಕಾಯ್ತಾರೆ. ಇವಳು ಹಿಂದೆ ಕೂತ ಮೇಲೆ ಹೊರಡ್ತಾರೆ. ರಸ್ತೆಯಲ್ಲಿ ಇಳಿಸಿ, ಬಸ್ಸು ಬರುವ ತನಕ ಬೇರೆ ಕಡೆ ನೋಡ್ತಾ ನಿಲ್ತಾರೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ಹಾಲೆ ಮರದ ಕೆತ್ತೆ ತಂದವರೂ ಅವರೇ. ಕಷಾಯದ ಲೋಟ ಇವಳ ಪಾಲಿಗೂ ಇತ್ತು. ಕೊಟ್ಟದ್ದು ಅಮ್ಮ.

ಚಿಕ್ಕಪ್ಪ ಒಂದು ಪರಿಹಾರ ಹೇಳಿದ್ದರಂತೆ. "ಬೆಂಗಳೂರಿಗೆ ಹೋಗಿ. ಬೇಕಾದ ಹಾಗೆ ಮಾಡಿಕೊಳ್ಳಿ. ನಾವು ಇಲ್ಲಿ ಕೆಲಸ ಸಿಕ್ಕಿತು ಅಂತ ಹೇಳ್ತೇವೆ." ಯೋಚಿಸಿದರೆ ಇದು ಕ್ರೂರ ಮಾತಲ್ಲ, ಉದಾರ ಮಾತೇ. ನಮ್ಮ ಕಡೆಯ ಎಷ್ಟೋ ಮದುವೆಗಳು ಹೀಗೆ ಹೆದ್ದಾರಿ 275ರ ಆ ತುದಿಯಲ್ಲಿ ನಡೆದು, ಮೊಮ್ಮಗು ಹುಟ್ಟಿದ ಮೇಲೆ ಈ ತುದಿಗೆ ಬಂದಿವೆ. ನನ್ನ ಫ್ಲ್ಯಾಟಿನಲ್ಲಿ ಒಂದು ರೂಮು ಖಾಲಿ ಉಂಟು ಅಂತ ನಾನೂ ಹೇಳಿದೆ.

"ಅವನ ದೋಟಿ ಹಿಡ್ಕೊಂಡು ಬೆಳ್ಳಂದೂರಲ್ಲಿ ಎಂತ ಕೊಯ್ಯುವುದು ಮಾರಾಯ್ತಿ?" ಅಂದಳು. ಆಮೇಲೆ ನಗದೆ, "ನನ್ನ ಕೆಲಸ ಇಲ್ಲಿ ಉಂಟು. ಅವನ ಕೆಲಸ ಇಲ್ಲಿ ಉಂಟು. ನಾವು ಯಾಕೆ ಹೋಗ್ಬೇಕು? ನಾನು ದರ್ಬೆಯಲ್ಲೇ ಇರ್ತೇನೆ ಮಾರಾಯ್ತಿ."

ಕಾನೂನಿನ ಕಡೆಯಿಂದ ತೊಡಕಿಲ್ಲ. ಇಬ್ಬರೂ ಹಿಂದೂಗಳಾದ್ದರಿಂದ 1955ರ ಹಿಂದೂ ವಿವಾಹ ಕಾಯ್ದೆಯೇ ಸಾಕು. ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿ ಮಾಡಿಸಿಕೊಳ್ಳಬಹುದು. 1954ರ ವಿಶೇಷ ವಿವಾಹ ಕಾಯ್ದೆಯಾದರೆ 30 ದಿನ ಮೊದಲು ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸ್ತಾರೆ. ಇದನ್ನೆಲ್ಲ ನಾನು ಗಂಭೀರವಾಗಿ ವಿವರಿಸಿದಾಗ ಅವಳು, "ಇಲ್ಲಿ ನೋಟಿಸಿಗೆ ಬೋರ್ಡೇ ಬೇಡ. ಒಮ್ಮೆ ಅವನ ಬೈಕಿನ ಹಿಂದೆ ಕೂತು ಸರ್ಕಲ್ ದಾಟಿದರೆ ಆಯಿತು" ಅಂದಳು.

ಅವಳಿಗೆ ಅರ್ಧ ದಿನ ರಜೆ ಇತ್ತು. ಮಳೆ ಸ್ವಲ್ಪ ಬಿಟ್ಟಿತ್ತು. ಆಟೋ ಹಿಡಿದು ಪರ್ಲಡ್ಕದ ಬಾಲವನಕ್ಕೆ ಹೋದೆವು. ಪುತ್ತೂರಿಗೆ ಬಂದವರು ಮಹಾಲಿಂಗೇಶ್ವರ ದೇವಸ್ಥಾನ ಮತ್ತು ಬಾಲವನ ಎರಡನ್ನೂ ನೋಡದೆ ಹೋಗಬಾರದು. ಶಿವರಾಮ ಕಾರಂತರು ಬದುಕಿದ, ಬರೆದ, ಮಕ್ಕಳಿಗಾಗಿ ಪ್ರಯೋಗಗಳನ್ನು ಮಾಡಿದ ಜಾಗ. ಅವರ ಮನೆ ಉಂಟು, ನಾಟ್ಯಶಾಲೆ ಉಂಟು, ಗ್ರಂಥಾಲಯ ಉಂಟು, ಮರಗಳಂತೂ ಬೇಕಾದಷ್ಟು. ಆಟಿಯ ಮಳೆಗೆ ಎಲ್ಲ ಕಡೆ ಪಾಚಿ ಹಿಡಿದು ಮೆಟ್ಟಿಲುಗಳು ಜಾರುತ್ತಿದ್ದವು. ನಮ್ಮನ್ನು ಬಿಟ್ಟರೆ ಜನ ಇರಲಿಲ್ಲ.

ಶಾಲೆಯಲ್ಲಿದ್ದಾಗ ನಾವಿಬ್ಬರೂ ಇಲ್ಲಿಗೆ ಬಂದವರೇ. ಬಂದು ಹೋದ ಮೇಲೆ ಬರೆದ ಪ್ರಬಂಧದಲ್ಲಿ ಕಡಲ ತೀರದ ಭಾರ್ಗವ, ಜ್ಞಾನಪೀಠ, ಮೂಕಜ್ಜಿ ಎಲ್ಲ ಇತ್ತು. ಹೆಂಡತಿಯ ಹೆಸರು ಲೀಲಾ ಅಂತ ಒಂದು ಸಾಲು ಇತ್ತು. ಆ ಒಂದು ಸಾಲಿನ ಹಿಂದೆ ಎಷ್ಟು ಉಂಟು ಅಂತ ಗೊತ್ತಾಗುವ ವಯಸ್ಸು ಅದಲ್ಲ.

ಲೀಲಾ ಆಳ್ವ ಬಂಟರ ಮನೆಯ ಹುಡುಗಿ, ವ್ಯಾಪಾರಿ ಕೆ. ಡಿ. ಆಳ್ವರ ಮಗಳು. ಕಾರಂತರು ಕೋಟದ ಬ್ರಾಹ್ಮಣರು. ಅವರು ನೃತ್ಯ ಕಲಿಸಲು, ನಾಟಕ ಆಡಿಸಲು ಹೋಗುತ್ತಿದ್ದ ಶಾಲೆಯಲ್ಲಿ ಲೀಲಾ ವಿದ್ಯಾರ್ಥಿನಿ. 1936ರ ಮೇ ತಿಂಗಳಲ್ಲಿ ಮದುವೆಯಾಯಿತು. 1936 ಅಂದರೆ ಯಾವ ಕಾಲ ಅಂತ ಅಂದಾಜು ಬರಲು ಒಂದು ವಿಷಯ ಸಾಕು: ಜಾತಿ ಬೇರೆ ಎಂಬ ಒಂದೇ ಕಾರಣಕ್ಕೆ ಹಿಂದೂಗಳ ಮದುವೆ ಅಸಿಂಧು ಆಗುವುದಿಲ್ಲ ಅಂತ ದೇಶಕ್ಕೆಲ್ಲ ಅನ್ವಯಿಸುವ ಸ್ಪಷ್ಟ ಕಾನೂನು ಬಂದದ್ದು 1949ರಲ್ಲಿ. ಊರು ಈ ಜೋಡಿಯನ್ನು ನೋಡಿ ನಕ್ಕಿತು, ಹೀಯಾಳಿಸಿತು. ನಂತರ ನಮ್ಮೆಲ್ಲರ ಹೆಮ್ಮೆಯ ಕಾರಂತಜ್ಜ ಆದದ್ದು ಬೇರೆ ಮಾತು.

ಕಾರಂತರ ಮೇಲೆ ಆದ ಗೇಲಿ ದಾಖಲಾಗಿದೆ, ಅವರಿಗೆ ಅದು ತಾಗುತ್ತಿರಲಿಲ್ಲ ಅಂತಲೂ ಅನಿಸುತ್ತದೆ. ಊರು ಏನು ಹೇಳುತ್ತದೋ ಅದರ ವಿರುದ್ಧ ದಿಕ್ಕಿಗೆ ನಡೆಯುವುದೇ ಅವರ ಆರೋಗ್ಯದ ಗುಟ್ಟು. ಆದರೆ ಪೇಟೆಗೆ ಹೋಗಿ ಬರುವ, ನೆರೆಯವರ ಮುಖ ನೋಡುವ ಆ ಹುಡುಗಿಗೆ? ಅವಳು ಓದಿದ್ದು ಮರಾಠಿ ಶಾಲೆಯಲ್ಲಿ. ಮದುವೆಯ ಮೇಲೆ ಕನ್ನಡವನ್ನು ಮತ್ತೆ ಕಲಿತಳು. ಗಂಡನ ಗೀತನಾಟಕಗಳಲ್ಲಿ ಕುಣಿದಳು. ನಾಲ್ಕು ಮಕ್ಕಳನ್ನು ಬೆಳೆಸಿದಳು: ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ. (ಹುಲಿಗಳ ಬಗ್ಗೆ ಕೆಲಸ ಮಾಡಿದ ಉಲ್ಲಾಸ ಕಾರಂತರು ಮೊದಲು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದವರು ಅನ್ನುವುದು ನಮ್ಮಂಥವರಿಗೆ ಸಣ್ಣ ಸಮಾಧಾನ.) ಅಪ್ಪನ ಕೆಲಸಗಳಿಗೆಲ್ಲ ಬೆನ್ನೆಲುಬು ಅಮ್ಮನೇ ಅಂತ ಮಕ್ಕಳು ಮುಂದೆ ಹೇಳಿದ್ದಾರೆ.

ಮತ್ತು ಅವರು ಒಂದು ಕಾದಂಬರಿ ಅನುವಾದಿಸಿದರು. ಹರಿ ನಾರಾಯಣ ಆಪ್ಟೆಯವರ 'ಪಣ ಲಕ್ಷಾತ್ ಕೋಣ್ ಘೇತೋ'. 1890ರ ದಶಕದ ಮರಾಠಿ ಕಾದಂಬರಿ. ಯಮುನಾ ಎಂಬ ಹೆಂಗಸು ತನ್ನ ಕಥೆ ತಾನೇ ಹೇಳಿಕೊಳ್ಳುತ್ತಾಳೆ; ಗಂಡನ ಜೊತೆ ಮುಂಬಯಿಯಲ್ಲಿ ಸಿಕ್ಕಿದ ಸ್ವಲ್ಪ ಸುಖ, ಅವನು ಸತ್ತ ಮೇಲೆ ಕುಟುಂಬ ಅವಳನ್ನು ನಡೆಸಿಕೊಂಡ ರೀತಿ, ಬಲವಂತದ ತಲೆಬೋಳು. ಹೆಸರಿನ ಅರ್ಥ ಸುಮಾರಾಗಿ 'ಆದರೆ ಇದನ್ನೆಲ್ಲ ಯಾರು ಗಮನಿಸುತ್ತಾರೆ' ಅಂತ. ಕನ್ನಡವನ್ನು ಮತ್ತೆ ಕಲಿತ ಒಬ್ಬ ಹೆಂಗಸು, ಆ ಕನ್ನಡದಲ್ಲಿ ತರಲು ಆರಿಸಿದ್ದು ಈ ಪುಸ್ತಕ. ಯಾಕೆ ಅಂತ ಯಾರೂ ಕೇಳಲಿಲ್ಲವೋ ಏನೋ. ಕಾರಂತರ 'ಸರಸಮ್ಮನ ಸಮಾಧಿ', ದಾಂಪತ್ಯದಲ್ಲಿ ನೊಂದ ಹೆಂಗಸರ ಕಾದಂಬರಿ, ಬಂದದ್ದು 1937ರಲ್ಲಿ, ಮದುವೆಯಾದ ಮರುವರ್ಷ. ಆ ಮನೆಯಲ್ಲಿ ಊಟದ ಹೊತ್ತಿಗೆ ಎಂತೆಂತ ಮಾತು ನಡೆದಿರಬಹುದು ಅಂತ ನನಗೆ ಕುತೂಹಲ.

ಇದನ್ನೆಲ್ಲ ಮೊಬೈಲಿನಲ್ಲಿ ಗುರುತು ಹಾಕಿಟ್ಟುಕೊಂಡು ಬಂದಿದ್ದೆ. ನಾಟ್ಯಶಾಲೆಯ ಹತ್ತಿರ ಕೂತು ಗೆಳತಿಗೆ ಹೇಳಿದೆ. ಅವಳು ಕಾರಂತರ ಬಗ್ಗೆ ಏನೂ ಕೇಳಲಿಲ್ಲ.

"ಅವರು ಪುತ್ತೂರು ಬಿಟ್ಟು ಹೋದ್ರಾ?"

"ಇಲ್ಲ. 1974ರಲ್ಲಿ ಸಾಲಿಗ್ರಾಮಕ್ಕೆ ಹೋದದ್ದು. ಅಲ್ಲಿವರೆಗೆ ಇಲ್ಲೇ."

"ಮೂವತ್ತೆಂಟು ವರ್ಷ" ಅಂತ ಲೆಕ್ಕ ಹಾಕಿದಳು. ಸಹಕಾರಿ ಸಂಘದವಳು, ಲೆಕ್ಕ ಬೇಗ. "ನಕ್ಕವರ ಎದುರಿಗೇ ಮೂವತ್ತೆಂಟು ವರ್ಷ."

ಉಳಿದದ್ದನ್ನೂ ಹೇಳಬೇಕಾಗಿತ್ತು, ಹೇಳಿದೆ. ಪ್ರೀತಿಸಿ ಮದುವೆಯಾದ ಕಥೆಗಳನ್ನು ನಾವು ಮದುವೆಯ ದಿನಕ್ಕೇ ನಿಲ್ಲಿಸಿಬಿಡುತ್ತೇವೆ, ಲೀಲಾ ಅವರದ್ದು ಅಲ್ಲಿಗೆ ನಿಲ್ಲುವುದಿಲ್ಲ. ಹಿರಿಯ ಮಗ ಹರ್ಷ ತೀರಿಕೊಂಡದ್ದು ಸಾಲಿಗ್ರಾಮಕ್ಕೆ ಹೋಗುವುದಕ್ಕೆ ಕೆಲವು ವರ್ಷ ಮೊದಲು. ನಂತರದ ವರ್ಷಗಳಲ್ಲಿ ಅವರ ಮನಸ್ಸಿನ ಆರೋಗ್ಯ ಕೆಟ್ಟಿತು. 1986ರಲ್ಲಿ ತೀರಿಕೊಂಡರು. ಕಾರಂತರು ಇನ್ನೂ ಹನ್ನೊಂದು ವರ್ಷ ಬದುಕಿದರು, ಬರೆದರು, ಅವರ ಹೆಸರಿನಲ್ಲಿ ಬಾಲವನ ಉಳಿಯಿತು.

ಗೆಳತಿ ತುಂಬಾ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದಳು, "ನಂಗೆ ಪ್ರೀತಿಯ ಬಗ್ಗೆ ಹೆದರಿಕೆ ಇಲ್ಲ. ಅವ ಒಳ್ಳೆಯವ. ಹೆದರಿಕೆ ಇರುವುದು ಅಪ್ಪನ ತೋಟದ್ದು."

ಅದು ಹೀಗೆ. ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ. ತಡೆಯಲು ಬೋರ್ಡೋ ದ್ರಾವಣ ಬಿಡಬೇಕು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲ ಹಿಡಿಯುವಾಗ ಒಮ್ಮೆ, ಸುಮಾರು ನಲ್ವತ್ತು ದಿನ ಬಿಟ್ಟು ಇನ್ನೊಮ್ಮೆ, ಮಳೆ ಬಿಡದಿದ್ದರೆ ಮೂರನೇ ಸಲ. ಮೊದಲ ಮದ್ದು ಬಿಟ್ಟದ್ದು ಹುಡುಗನ ತಂಡವೇ, ಆಗ ವಿಷಯ ಗೊತ್ತಿರಲಿಲ್ಲ. ಎರಡನೆಯದರ ದಿನ ದಾಟಿ ಎರಡು ವಾರ ಆಗಿದೆ. ಅಪ್ಪ ಅವನನ್ನು ಕರೆಯುವುದಿಲ್ಲ. ಬೇರೆಯವರು ಈ ಹೊತ್ತಿನಲ್ಲಿ ಸಿಗುವುದಿಲ್ಲ. ಬೆಳಗ್ಗೆ ತೋಟಕ್ಕೆ ಹೋದರೆ ಬುಡದಲ್ಲಿ ಎಳೆ ಅಡಿಕೆ ಉದುರಿ ಬಿದ್ದಿರ್ತದೆ. ಅಪ್ಪ ಹೆಕ್ಕಿ ಬುಟ್ಟಿಗೆ ಹಾಕ್ತಾರೆ, ಮಾತಿಲ್ಲ. ಇವಳ ಸಂಬಳಕ್ಕಿಂತ ದೊಡ್ಡ ಲೆಕ್ಕ ಅದು. ತಂಗಿಯ ಫೀಸು, ಅಜ್ಜಿಯ ಔಷಧಿ ಎಲ್ಲ ಆ ಮರಗಳಲ್ಲೇ ಉಂಟು.

"ನಾನು ಅವನತ್ರ ಹೋಗು ಅಂತ ಹೇಳಿದ್ರೆ ಅವ ಹೋಗ್ತಾನೆ. ಹಣವೂ ಕೇಳ್ಲಿಕ್ಕಿಲ್ಲ. ಆದ್ರೆ ಅಪ್ಪ ಗೇಟಿನಲ್ಲಿ ನಿಲ್ಲಿಸಿದ್ರೆ? ಅವನ ಅಪ್ಪನನ್ನು ನಿಲ್ಲಿಸಿದ ಹಾಗೆ ಆಗ್ತದೆ. ಆಮೇಲೆ ನಾನು ಆ ಮನೆಗೆ ಯಾವ ಮುಖದಲ್ಲಿ ಹೋಗುವುದು?"

ನನ್ನ ಬಳಿ ಇದಕ್ಕೆ ಉತ್ತರ ಇರಲಿಲ್ಲ. ಮೋಡ ಮತ್ತೆ ಕಟ್ಟಿತು. ಎದ್ದು ದರ್ಬೆಗೆ ಬಂದೆವು. ಬಿಸಿ ಗೋಳಿಬಜೆ ತಿಂದೆವು. ಅವಳ ಬಸ್ಸಿಗೆ ಇನ್ನೂ ಹದಿನೈದು ನಿಮಿಷ ಇತ್ತು. ಸುಳ್ಯದ್ದೊಂದು, ಮಡಿಕೇರಿಯದ್ದೊಂದು ಹೋಯಿತು. ಆಚೆ ಬದಿಯಲ್ಲಿ ಇಬ್ಬರು ಹುಡುಗರು ಸೂಟ್‌ಕೇಸು ಹಿಡಿದು ನಿಂತಿದ್ದರು, ಮೈಸೂರಿಗೋ ಬೆಂಗಳೂರಿಗೋ.

ಅವಳ ಫೋನು ಹೊಡೆಯಿತು. ಅಮ್ಮ. ಸ್ಪೀಕರಿನಲ್ಲಿ ಹಾಕಿದಳು, ಮಳೆಯ ಶಬ್ದಕ್ಕೆ ಏನೂ ಕೇಳ್ತಿರಲಿಲ್ಲ.

"ಬಸ್ಸು ಸಿಕ್ಕಿತಾ?"

"ಇಲ್ಲಮ್ಮ, ಬರ್ತದೆ."

"ನಾಳೆ ಬಿಸಿಲು ಉಂಟಂತೆ. ಮದ್ದಿಗೆ ಬರ್ಲಿಕ್ಕೆ ಆಗ್ತದಾ ಕೇಳು ಅಂತ ಅಪ್ಪ ಹೇಳಿದ್ರು."

"ಯಾರತ್ರ ಕೇಳುವುದು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹೆಸರು ಹೇಳ್ಲಿಲ್ಲ" ಅಂದರು ಅಮ್ಮ. "ಸುಣ್ಣ ತಂದಿಟ್ಟಿದ್ದಾರೆ."

ಫೋನಿಟ್ಟು ನನ್ನ ಮುಖ ನೋಡಿದಳು. ನಾನು ನಗಲು ಶುರು ಮಾಡಿದ್ದೆ. "ನಗ್ಬೇಡ. ಕರೆದದ್ದು ಮದ್ದಿಗೆ, ಮದುವೆಗೆ ಅಲ್ಲ" ಅಂದಳು. ಅಷ್ಟರಲ್ಲಿ ಕಾಣಿಯೂರು ಬಸ್ಸು ಬಂತು. ಒಂದು ಕೈಯಲ್ಲಿ ಕೊಡೆ ಮಡಚುತ್ತಾ, ಇನ್ನೊಂದು ಕೈಯಲ್ಲಿ ನಂಬರು ಒತ್ತುತ್ತಾ ಹತ್ತಿದಳು.