ಭೂತದ ಪುಸ್ತಕವೂ ರಾಮನಗರದ ಬಂಡೆಗಳೂ

ಬೆಂಗಳೂರಿನಿಂದ ಮೈಸೂರಿನ ದಾರಿ ಹಿಡಿದು ಸುಮಾರು 50 ಕಿಲೋಮೀಟರು ಸಾಗಿದರೆ ಬಂಡೆಗಳ ರಾಜ್ಯ ಎದುರಾಗುತ್ತದೆ. ಯಾರೋ ಒಂದರ ಮೇಲೊಂದನ್ನು ಪೇರಿಸಿ ಮರೆತು ಹೋದಂತೆ ನಿಂತಿರುವ ಈ ಕಲ್ಲುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆಯಾಗಿತ್ತು. ಊರು ಆ ಹೆಸರನ್ನು ಕಳಚಿಕೊಂಡರೂ ಭೂವಿಜ್ಞಾನಿಗಳಿಗೆ ಈ ಶಿಲೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್.

ಈ ಬಂಡೆಗಳಿಗೂ ಭಯಕ್ಕೂ ನಂಟುಂಟು. 1975ರಲ್ಲಿ ತೆರೆಕಂಡ 'ಶೋಲೆ'ಯ ಗಬ್ಬರ್ ಸಿಂಗ್ ಅಟ್ಟಹಾಸಗೈದದ್ದು ಇಲ್ಲಿಯೇ. ಫಾರ್ಸ್ಟರನ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯನ್ನು ಡೇವಿಡ್ ಲೀನ್ 1984ರಲ್ಲಿ ಚಿತ್ರವಾಗಿಸಿದಾಗ, ಮರಬಾರ್ ಗುಹೆಗಳ ದೃಶ್ಯಗಳಿಗೆ ರಾಮದೇವರ ಬೆಟ್ಟವನ್ನೂ ಸಾವನದುರ್ಗವನ್ನೂ ಆರಿಸಿಕೊಂಡನು. ಗುಹೆಯೊಳಗೆ ತರುಣಿಗೆ ನಿಜವಾಗಿ ಏನಾಯಿತೆಂಬುದನ್ನು ಫಾರ್ಸ್ಟರ್ ಕೊನೆಯವರೆಗೂ ಹೇಳುವುದಿಲ್ಲ. ಒಂದಿಷ್ಟು ಕತ್ತಲೆ, ಒಂದಿಷ್ಟು ಮಾರ್ದನಿ ಇದ್ದರೆ ಸಾಕು, ಉಳಿದುದನ್ನು ಮನಸ್ಸೇ ಹೆಣೆದುಕೊಳ್ಳುತ್ತದೆ.

ಕಳೆದ ಮಾಗಿಯಲ್ಲಿ ನಾವು ಎರಡು ಮೂರು ಸಂಸಾರದವರು ಕೂಡಿ ರಾಮದೇವರ ಬೆಟ್ಟವನ್ನು ಹತ್ತಿದೆವು. ಪಟ್ಟಾಭಿರಾಮನ ದರ್ಶನವಾಯಿತು, ಬುತ್ತಿಯೂ ಮುಗಿಯಿತು. ಆಗ ಗಣಿತ ಬೋಧಿಸುವ ನಮ್ಮ ಮಿತ್ರರು ಚೀಲದಿಂದ ಒಂದು ಪುಸ್ತಕವನ್ನು ಹೊರತೆಗೆದರು. ಕಪ್ಪು ರಟ್ಟು, ಅದರ ಮೇಲೊಂದು ತಲೆಬುರುಡೆ. ಒಳಗಿದ್ದುದು ಭೂತದ ಕಥೆ. ಹತ್ತು ವರ್ಷದ ಹುಡುಗಿಯೊಬ್ಬಳನ್ನು ಕರೆದು, ಮೂರಂಕಿಯ ಸಂಖ್ಯೆಯೊಂದನ್ನು ಗುಟ್ಟಾಗಿ ಬರೆದು ಲೆಕ್ಕ ಮಾಡಲು ಹೇಳಿದರು. ಬಂದ ಉತ್ತರದಂತೆ ಅವಳು ಪುಟ ತೆರೆದು, ಸಾಲು ಹುಡುಕಿ, ಮೊದಲ ಪದವನ್ನು ಮನಸ್ಸಿನಲ್ಲಿಯೇ ಓದಿಕೊಂಡಳು. ಮಿತ್ರರು ಕಣ್ಣುಮುಚ್ಚಿ, ದನಿ ತಗ್ಗಿಸಿ, "ನೆರಳು" ಎಂದರು. ಅದೇ ಪದ! ದೊಡ್ಡವರೂ ಒಂದು ಗಳಿಗೆ ಸ್ತಬ್ಧರಾದರು.

ಹುಡುಗಿ ಮಾತ್ರ ಮೆಲ್ಲಗೆ ಕೇಳಿದಳು: "ಮಾಮ, ನಮ್ಮಜ್ಜಿ ಈಗ ಎಲ್ಲಿದ್ದಾಳೆ ಅಂತ ಈ ಪುಸ್ತಕ ಹೇಳುತ್ತದೆಯೆ?" ಆ ವರ್ಷವೇ ಅವಳ ಅಜ್ಜಿ ತೀರಿಕೊಂಡಿದ್ದರು.

ಯಕ್ಷಿಣಿಗಾರನ ದಾರಿ ಕವಲೊಡೆಯುವುದು ಇಂತಹ ಪ್ರಶ್ನೆಯ ಮುಂದೆಯೇ. "ಹೇಳುತ್ತದೆ" ಎಂದವನು ಮಂತ್ರವಾದಿಯಾಗುತ್ತಾನೆ; ದುಃಖಿತರ ಮನೆಬಾಗಿಲು ಅವನಿಗೆ ತೆರೆಯುತ್ತದೆ. ನಮ್ಮ ಮಿತ್ರರು ಪುಸ್ತಕವನ್ನು ಮುಚ್ಚಿ, "ಇಲ್ಲ ಮಗು, ಇದಕ್ಕೆ ಏನೂ ತಿಳಿಯದು. ತಿಳಿದಿರುವುದು ಲೆಕ್ಕಕ್ಕೆ" ಎಂದು ಗುಟ್ಟನ್ನು ಬಿಚ್ಚಿಟ್ಟರು. ಅದನ್ನು ಓದುಗರೂ ಮಾಡಿ ನೋಡಬಹುದು. ಮೊದಲ ಮತ್ತು ಕೊನೆಯ ಅಂಕಿಗಳಲ್ಲಿ ಕನಿಷ್ಠ 2ರ ಅಂತರವಿರುವ ಸಂಖ್ಯೆ ಬೇಕು, 921 ಎನ್ನೋಣ. ತಿರುಗಿಸಿದರೆ 129. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 792. ಅದನ್ನೂ ತಿರುಗಿಸಿ, 297ನ್ನು ಕೂಡಿಸಿದರೆ 1089. ಯಾವ ಸಂಖ್ಯೆಯಿಂದ ಹೊರಟರೂ ಉತ್ತರ ಇದೇ. ಕಳೆದಾಗ ನಡುವಣ ಅಂಕಿ ಯಾವಾಗಲೂ 9, ಅಂಚಿನ ಎರಡರ ಮೊತ್ತವೂ 9 ಆಗುವುದೇ ಇದರ ಕಾರಣ. ಹೀಗಾಗಿ 108ನೆಯ ಪುಟ, 9ನೆಯ ಸಾಲು. ಅಲ್ಲಿಯ ಮೊದಲ ಪದವನ್ನು ಮನೆಯಲ್ಲಿಯೇ ಬಾಯಿಪಾಠ ಮಾಡಿ ಬಂದರಾಯಿತು. ತಲೆಬುರುಡೆಯ ಕೆಲಸವೆಂದರೆ, ನೋಡುವವರ ಗಮನ ಲೆಕ್ಕದ ಕಡೆಗೆ ಹೊರಳದಂತೆ ಕಾಯುವುದು.

ಇದೇನೂ ಪರದೇಶದ ವಿದ್ಯೆಯಲ್ಲ. ಹೆಸರಿನಲ್ಲಿಯೇ ಸ್ಮಶಾನವನ್ನು ಹೊತ್ತ ನಮ್ಮ ಸುಡುಗಾಡು ಸಿದ್ಧರು ಊರೂರು ಅಲೆದು ಕೈಚಳಕ ತೋರಿಸಿ ಬದುಕಿದವರು. ಭಯವನ್ನು ಬಂಡವಾಳ ಮಾಡಿಕೊಂಡ ಕಪಟಿಗಳನ್ನು ಎದುರಿಸಿದವರೂ ನಮ್ಮಲ್ಲಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆಂದೇ ಸಮಿತಿಯೊಂದನ್ನು ರಚಿಸಿದರು.

ಬೆಟ್ಟವಿಳಿದು ಚನ್ನಪಟ್ಟಣದತ್ತ ಹೊರಟರೆ ದಾರಿಯಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಗುತ್ತದೆ. ತೊಗಲುಗೊಂಬೆಗಳನ್ನು ಹತ್ತಿರದಿಂದ ಕಂಡಾಗ, ತೆರೆಯ ಮೇಲೆ ಗರ್ಜಿಸುವ ರಾಕ್ಷಸ ಬಣ್ಣ ಬಳಿದ ಚರ್ಮವೆಂದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಚನ್ನಪಟ್ಟಣದಲ್ಲಿ ಗೊಂಬೆಯ ಕುಶಲಕರ್ಮಿ ಯಾವ ಗುಟ್ಟನ್ನೂ ಇಟ್ಟುಕೊಳ್ಳುವುದಿಲ್ಲ. ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಮೈಗೂಡುತ್ತದೆ. ಎಲ್ಲವೂ ಕಣ್ಣೆದುರೇ ನಡೆದರೂ ಗೊಂಬೆಯ ಚೆಲುವು ಎಳ್ಳಷ್ಟೂ ಕುಂದುವುದಿಲ್ಲ. ನಮ್ಮ ಹುಡುಗಿಯೂ ಅಂಗಡಿಯ ಜಗುಲಿಯಲ್ಲಿ ಕುಳಿತು, ಕಪ್ಪು ರಟ್ಟಿನ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ತನ್ನ ತಂದೆಗೇ ಆಜ್ಞಾಪಿಸುತ್ತಿದ್ದಳು: "ಅಪ್ಪ, ಮೂರಂಕಿಯ ಒಂದು ಸಂಖ್ಯೆ ಬರೆದುಕೊ. ನನಗೆ ತೋರಿಸಬೇಡ!"